ಕೌದಿಗೆ ಬಿಳಿ ಬೇಕು

ನಮ್ಮ ಆಯಿ ಕೌದಿಯ ತುಂಡುಗಳನ್ನು ಪಡಸಾಲೆಯಲ್ಲಿ ಹರವಿದ ಮೇಲೆ ಕೂಡಲೇ ಸೂಜಿ ಹಿಡಿಯುತ್ತಿರಲಿಲ್ಲ. ಹೊತ್ತು ಮುಳುಗಲಿ ಎಂದು ಕಾಯುತ್ತಿದ್ದಳು. ಬೆಳಕು ಇಳಿದು, ದೀಪ ಹಚ್ಚಲು ಇನ್ನೂ ಸ್ವಲ್ಪ ಹೊತ್ತಿರುವಾಗ ತಲಬಾಗಿಲ ಬಳಿ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡುವಳು. "ಹಗಲೊತ್ತಿನ್ಯಾಗ ಎಲ್ಲಾ ಬಣ್ಣ ಚೆಂದನ ಕಾಣ್ತಾವ ಯವ್ವಾ. ಕತ್ತಲಾಗೂ ಮುಂದ ಯಾವುದು ಎದ್ದು ನಿಂದರತೈತಿ, ಯಾವುದು ಮಲಗತೈತಿ, ಅದನ್ನ ನೋಡಬೇಕು" ಅನ್ನುವಳು. ಮಲಗಿದ ತುಂಡುಗಳು ಅಕ್ಕಪಕ್ಕ ಬಂದಿದ್ದರೆ ಒಂದನ್ನೆತ್ತಿ ಬೇರೆ ಕಡೆ ಇಡುವಳು. ಎರಡು ಮೂರು ಸಂಜೆ ಹೀಗೆ ಕಳೆದ ಮೇಲೆಯೇ ಮೊದಲ ಹೊಲಿಗೆ ಬೀಳುತ್ತಿತ್ತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಕೌದಿಯಿಲ್ಲದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ತೊಟ್ಟಿಲ ಕೂಸಿಗೆ ಸಣ್ಣದು, ದೊಡ್ಡವರಿಗೆ ಹಾಸಲು ಒಂದು, ಹೊದೆಯಲು ಇನ್ನೊಂದು. ಕೆಳಗೆ ಒಂದು ಇಡೀ ಹಳೆಯ ಸೀರೆ, ನಡುವೆ ಹರಿದ ಅರಿವೆಯ ಪದರಗಳು, ಮೇಲೆ ಆಯ್ದ ತುಂಡುಗಳು. ಅಂಚಿನಿಂದ ಹೊರಟು ಬೆರಳಗಲ ಬಿಟ್ಟು ಬಿಟ್ಟು ಸುತ್ತುತ್ತ ನಡುವಿಗೆ ಬರುವ ಹೊಲಿಗೆಯ ಸಾಲು. ಮನೆಯ ಹೆಂಗಸರು ಹೊಲಿಯದಿದ್ದಲ್ಲಿ ಗೊಂದಲಿಗರ ಹೆಣ್ಣುಮಕ್ಕಳು ಊರೂರಿಗೆ ಬಂದು ಕಾಳಿಗೋ ಕಾಸಿಗೋ ಹೊಲಿದು ಕೊಡುತ್ತಿದ್ದರು. ಇಂದು ಕೌದಿಯ ಬಗ್ಗೆ ಆಡುವವರು ಅದರ ಬೆಚ್ಚಗಿನ ಗುಣವನ್ನು, ಹಳೆಯ ಬಟ್ಟೆಯನ್ನು ಹಾಳು ಮಾಡದ ಜಾಣತನವನ್ನು, ತಾಯಿಯ ಪ್ರೀತಿಯನ್ನು ಹೊಗಳುತ್ತಾರೆ. ಆ ಹೊಗಳಿಕೆ ಸುಳ್ಳಲ್ಲ. ಆದರೆ ಒಂದು ಚಿತ್ರವನ್ನೋ ಹಾಡನ್ನೋ ಒರೆಗೆ ಹಚ್ಚುವಂತೆ ಕೌದಿಯ ಬಣ್ಣವನ್ನು ಒರೆಗೆ ಹಚ್ಚಿದವರನ್ನು ನಾನು ಕಂಡಿಲ್ಲ. ಎಲ್ಲ ಕೌದಿಯೂ ಚೆಂದ ಎಂದುಬಿಟ್ಟರೆ, ಮೂರು ಸಂಜೆ ಕಾದು ಒಂದು ತುಂಡನ್ನು ಅತ್ತಿಂದಿತ್ತ ಇಟ್ಟವಳ ಕಣ್ಣಿಗೆ ನಾವು ಕೊಡುವ ಬೆಲೆಯೇನು? ಚೆಂದದ ಕೌದಿಯೂ ಇದೆ, ಮಂಕು ಕೌದಿಯೂ ಇದೆ. ಯಾವುದು ಯಾಕೆ ಹಾಗಾಯಿತು ಎಂದು ಕೇಳುವುದು ಆ ಕೆಲಸಕ್ಕೆ ತೋರಿಸುವ ಮರ್ಯಾದೆ.

ಮನೆಯಲ್ಲಿ ಉಳಿದಿರುವ ಆಯಿಯ ಕೌದಿಯಿಂದಲೇ ಶುರು ಮಾಡುತ್ತೇನೆ. ಐದು ಮೊಳ ಉದ್ದ, ನಾಲ್ಕು ಮೊಳ ಅಗಲ. ನಟ್ಟ ನಡುವೆ ಗುಳೇದಗುಡ್ಡದ ಖಣದ ಒಂದು ಚೌಕ, ಕಿರಮಂಜಿ ಮೈ, ಹಸಿರು ದಡಿ. ಖಣದ ಸುತ್ತ ನಾಲ್ಕು ಬೆರಳಗಲದ ಬಿಳಿ ಪಟ್ಟಿ, ಅಜ್ಜನ ಧೋತರದ್ದು. ಬಿಳಿಯ ಆಚೆ ಇಳಕಲ್ಲ ಸೀರೆಗಳ ತುಂಡು: ಒಂದು ಚಂದ್ರಕಾಳಿಯ ಕಪ್ಪು, ಒಂದು ನವಿಲು ಬಣ್ಣ, ಮತ್ತೆ ಕಪ್ಪು, ಮತ್ತೆ ಬದನೆಕಾಯಿ ಬಣ್ಣ. ಅವುಗಳ ಮೂಲೆಗಳಲ್ಲಿ ಅಂಗೈಯಷ್ಟು ಬಿಳಿ ಚೌಕಗಳು. ಅದರಾಚೆ ಒಂದು ಸುತ್ತು ಗಿಳಿ ಹಸಿರು, ಅರಿಷಿಣ, ತೊಳೆದು ತೊಳೆದು ತೆಳುವಾದ ಆಕಾಶ ನೀಲಿ. ಕೊನೆಗೆ ಅಂಚಿನುದ್ದಕ್ಕೂ ಮುಕ್ಕೋನಗಳ ಸಾಲು, ಒಂದು ಸೆರಗಿನ ಕೆಂಪು, ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ.

ಇದನ್ನು ಗೋಡೆಗೆ ತೂಗುಹಾಕಿ ನಲವತ್ತು ಹೆಜ್ಜೆ ದೂರದಿಂದ ನೋಡಿದ್ದೇನೆ. ನಡುವಿನ ಚೌಕ ಅಷ್ಟು ದೂರಕ್ಕೂ ಕಾಣುತ್ತದೆ. ಅದು ಕಿರಮಂಜಿಯಾದ್ದರಿಂದ ಕಾಣುತ್ತದೆ ಎಂದು ಬಹಳ ದಿನ ನಂಬಿದ್ದೆ. ಬಿಳಿ ಪಟ್ಟಿಯನ್ನು ಕೈಯಿಂದ ಮುಚ್ಚಿ ನೋಡಿದಾಗ ಗೊತ್ತಾಯಿತು, ಬಿಳಿಯಿಲ್ಲದಿದ್ದರೆ ಆ ಕಿರಮಂಜಿ ಪಕ್ಕದ ಬದನೆಕಾಯಿ ಬಣ್ಣದೊಳಗೆ ಹೂತುಹೋಗುತ್ತದೆ. ಬಣ್ಣದ ಹೆಸರು ಬೇರೆ ಬೇರೆ ಇದ್ದರೂ ದಟ್ಟತನ ಒಂದೇ ಇದ್ದರೆ ಎರಡು ತುಂಡು ದೂರಕ್ಕೆ ಒಂದೇ ತುಂಡಾಗಿ ಕಾಣುತ್ತವೆ. ಕೆಂಪು ಎನ್ನುವುದು, ಹಸಿರು ಎನ್ನುವುದು ಹತ್ತಿರದವರಿಗೆ. ತಿಳಿ ಎನ್ನುವುದು, ದಟ್ಟ ಎನ್ನುವುದು ದೂರದವರಿಗೆ. ಕೌದಿಯ ವಿನ್ಯಾಸವನ್ನು ಹೊತ್ತು ನಿಲ್ಲುವುದು ಈ ಎರಡನೆಯದು. ಆಯಿ ಸಂಜೆಗಾಗಿ ಕಾಯುತ್ತಿದ್ದದ್ದೂ ಇದಕ್ಕೇ. ಬೆಳಕು ಇಳಿದಂತೆ ಬಣ್ಣದ ಹೆಸರು ಅಳಿಸಿಹೋಗಿ ತಿಳಿ, ದಟ್ಟ ಎರಡೇ ಉಳಿಯುತ್ತವೆ. ಈಗಿನವರು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡಿದರೆ ಅದೇ ಪರೀಕ್ಷೆ ಚಣದಲ್ಲಿ ಮುಗಿಯುತ್ತದೆ.

ಅದೇ ಕೌದಿಯಲ್ಲಿ ಒಂದು ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಕೆಳಗಿನ ಬಲ ಮೂಲೆಯಲ್ಲಿ ಗಿಳಿ ಹಸಿರಿನ ಪಕ್ಕ ಒಂದು ಮಾಸಿದ ನೀಲಿ, ನೀಲಿಯ ಪಕ್ಕ ಎಲೆ ಹಸಿರು, ಅದರ ಪಕ್ಕ ಇನ್ನೊಂದು ನೀಲಿ ಬಂದಿವೆ. ನಾಲ್ಕೂ ನಡುಮಟ್ಟದ ಬಣ್ಣಗಳು. ಮೂಲೆ ಸತ್ತಿದೆ. ಸಂಜೆಗೆ ಅಲ್ಲಿ ಕೆಸರು ಮೆತ್ತಿದಂತೆ ಕಾಣುತ್ತದೆ. ಅಷ್ಟು ಹೊತ್ತಿಗೆ ಧೋತರ ತೀರಿತ್ತೆಂದು ತೋರುತ್ತದೆ, ಅಂಚಿನ ಮುಕ್ಕೋನಗಳೂ ಆ ಕಡೆ ಮಾತ್ರ ಸಣ್ಣವಾಗಿವೆ. ಬಿಳಿ ತೀರಿದಲ್ಲಿ ಕೌದಿಯೂ ಸೋತಿದೆ. ಒಂದು ಕೆಲಸದ ಗುಟ್ಟು ಅದು ಗೆದ್ದ ಜಾಗಕ್ಕಿಂತ ಸೋತ ಜಾಗದಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗುವುದುಂಟು.

ಪಕ್ಕದ ಬಣ್ಣ ಬಣ್ಣವನ್ನು ಬದಲಿಸುತ್ತದೆ ಎಂಬ ಮಾತಿಗೆ ದೂರದ ದೇಶದಲ್ಲಿ ಒಂದು ಹೆಸರಾಂತ ಸಾಕ್ಷಿಯಿದೆ. ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಬಿದ್ದ 1824ನೇ ಇಸವಿಯಲ್ಲೇ ಪ್ಯಾರಿಸಿನ ಗೋಬಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮಿಶೆಲ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥನಾಗಿ ಬಂದ. ಅಲ್ಲಿ ಅವನೆದುರು ಬಂದ ದೂರುಗಳಲ್ಲಿ ಒಂದು, ನಿಮ್ಮ ಕಪ್ಪು ನೂಲಿಗೆ ಕಸುವಿಲ್ಲ ಎಂಬುದು. ಬಣ್ಣ ತೆಗೆದು ಪರೀಕ್ಷೆ ಮಾಡಿದ, ಕಪ್ಪಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ನೀಲಿ, ನೇರಳೆಗಳ ನಡುವೆ ನೇಯ್ದದ್ದರಿಂದ ಕಪ್ಪು ಸೊರಗಿ ಕಾಣುತ್ತಿತ್ತು. ಇದರ ಜಾಡು ಹಿಡಿದು 1839ರಲ್ಲಿ ಅವನು ಬರೆದ ಪುಸ್ತಕ ಯುರೋಪಿನ ಚಿತ್ರಕಾರರಿಗೂ ಪಾಠವಾಯಿತು. ಆಯಿ ಚಂದ್ರಕಾಳಿಯನ್ನು ನವಿಲು, ಬದನೆಕಾಯಿ ಬಣ್ಣಗಳ ನಡುವೆ ಒಂಟಿಯಾಗಿ ಬಿಟ್ಟಿಲ್ಲ. ಕಪ್ಪು ಬಂದಲ್ಲೆಲ್ಲ ಮೂಲೆಯಲ್ಲಿ ಒಂದು ಬಿಳಿ ಚೌಕ ಇದೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕಪ್ಪು ಯಾರ ಪಕ್ಕ ಕೂತರೆ ಮೆರೆಯುತ್ತದೆ, ಯಾರ ಪಕ್ಕ ಕೂತರೆ ಕುಗ್ಗುತ್ತದೆ ಎಂಬ ಲೆಕ್ಕ ಕೈಯೊಳಗೇ ಇತ್ತು.

ಕೌದಿಯನ್ನು ನೋಡುವ ಹೊತ್ತಿನ ಬಗ್ಗೆಯೂ ಒಂದು ಮಾತು. ಗೋಡೆಯ ಚಿತ್ರವನ್ನು ಹಗಲಿನಲ್ಲಿ ನೋಡುತ್ತೇವೆ, ಕೌದಿ ಹರವಿಕೊಳ್ಳುವುದು ರಾತ್ರಿ. ಬ್ಯಾಸಿಗೆಯಲ್ಲಿ ನಮ್ಮ ಕಡೆ ಮಂದಿ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಬೆಳದಿಂಗಳಲ್ಲಿ ಸಾಲಾಗಿ ಹಾಸಿದ ಕೌದಿಗಳು ನನ್ನ ಬಾಲ್ಯದ ಅತಿ ಸ್ಪಷ್ಟ ನೆನಪು. ಆ ಬೆಳಕಿನಲ್ಲಿ ಕೆಂಪು ಮುಕ್ಕೋನಗಳು ಕಪ್ಪಾಗುತ್ತಿದ್ದವು, ಹಗಲಲ್ಲಿ ಮಂಕಾಗಿದ್ದ ನೀಲಿ ತುಂಡುಗಳು ಮೇಲೆದ್ದು ಬರುತ್ತಿದ್ದವು. ಕಣ್ಣಿನ ಗುಣವೇ ಹಾಗೆ. ಬೆಳಕು ಬಹಳ ಕಡಿಮೆಯಾದಾಗ ಕೆಂಪು ಮೊದಲು ಕತ್ತಲಾಗುತ್ತದೆ, ನೀಲಿ ಹಸಿರುಗಳು ಹೆಚ್ಚು ಹೊತ್ತು ಉಳಿಯುತ್ತವೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರನ್ನೇ ಆ ಗುಣಕ್ಕೆ ಇಟ್ಟಿದ್ದಾರೆ. ಹಾಗಾದರೆ ಹಗಲಿನಲ್ಲಿ ಕೆಂಪು ಹಸಿರಿನ ಜೋಡಿಯಿಂದ ಮೆರೆಯುವ ಕೌದಿ ಬೆಳದಿಂಗಳಲ್ಲಿ ಬೇರೆಯೇ ಕೌದಿಯಾಗುತ್ತದೆ. ಎರಡು ಬೆಳಕಿನಲ್ಲೂ ಬದಲಾಗದೆ ನಿಲ್ಲುವ ಜೋಡಿ ಒಂದೇ, ಬಿಳಿ ಮತ್ತು ಕಪ್ಪು. ಆಯಿಯ ಕೌದಿಯ ಮೈಕಟ್ಟು ಬೆಳದಿಂಗಳಲ್ಲೂ ಕೆಡುತ್ತಿರಲಿಲ್ಲ, ಯಾಕೆಂದರೆ ಅದರ ಎಲುಬು ಧೋತರ ಮತ್ತು ಚಂದ್ರಕಾಳಿಯದಾಗಿತ್ತು.

ಈ ಎಲುಬನ್ನು ಅವಳು ಪೇಟೆಯಿಂದ ತರಲಿಲ್ಲ. ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಹಳೆಯ ಕೌದಿಯ ಬಣ್ಣದ ಸಮತೋಲನ ಮನೆಯ ಅರಿವೆಯ ಗಂಟಿನಲ್ಲೇ ಇತ್ತು. ಗಂಡಸರು ಉಡುತ್ತಿದ್ದದ್ದು ಬಿಳಿ: ಧೋತರ, ಅಂಗಿ, ಟೋಪಿ, ಪಟಕ. ಹೆಂಗಸರು ಉಡುತ್ತಿದ್ದದ್ದು ದಟ್ಟ: ಹತ್ತಿಯ ಇಳಕಲ್ಲ ಸೀರೆ, ಖಣದ ಕುಬಸ. ಬಿಳಿ ಮಾಸುತ್ತ ಹಾಲಿನ ಬಣ್ಣಕ್ಕೆ, ಗೋದಿಯ ಬಣ್ಣಕ್ಕೆ ತಿರುಗುತ್ತಿತ್ತು. ದಟ್ಟ ತೊಳೆತೊಳೆದು ನಡುಮಟ್ಟಕ್ಕೆ ಇಳಿಯುತ್ತಿತ್ತು. ಹೀಗಾಗಿ ಹತ್ತು ವರ್ಷದ ಬಟ್ಟೆ ಕೂಡಿಟ್ಟ ಗಂಟು ಬಿಚ್ಚಿದರೆ ಅಚ್ಚ ಬಿಳಿಯಿಂದ ಅಚ್ಚ ಕಪ್ಪಿನವರೆಗೆ ಎಲ್ಲ ಮೆಟ್ಟಿಲೂ ಅದರೊಳಗೆ ಸಿಗುತ್ತಿದ್ದವು. ಹೊಲಿಯುವವಳು ಆರಿಸಬೇಕಾದದ್ದು ಜಾಗವನ್ನು ಮಾತ್ರ. ಅವಳ ಕಣ್ಣು ಪಳಗಿದ್ದೂ ಅದೇ ಬಟ್ಟೆಗಳಿಂದ. ಇಳಕಲ್ಲ ಸೆರಗನ್ನು ನೋಡಿ, ಕೆಂಪು ನೆಲದ ಮೇಲೆ ಬಿಳಿಯಲ್ಲಿ ಹಣಿಗೆಯ ಹಲ್ಲು, ಕೋಟೆಯ ಕೊಮ್ಮೆ, ಜೋಳದ ತೆನೆ ನೇಯ್ದಿರುತ್ತಾರೆ. ಮೈಯ ಬಣ್ಣ ಯಾವುದೇ ಇರಲಿ, ಸೆರಗಿನಲ್ಲಿ ಕೆಂಪು ಬಿಳಿ ಬಂದೇ ಬರಬೇಕು. ಅದನ್ನು ಹೆಗಲ ಮೇಲೆ ಹೊತ್ತು ಬದುಕಿದವಳು ಕೌದಿಯ ಅಂಚಿಗೆ ಕೆಂಪು ಬಿಳಿ ಮುಕ್ಕೋನ ಹಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಹೊರಗೆ ನೆಲವೂ ಅದನ್ನೇ ಹೇಳುತ್ತಿತ್ತು. ಬೈಲಹೊಂಗಲ ಹತ್ತಿಯ ಪೇಟೆ. ಸುತ್ತಲಿನ ಎರೆ ಹೊಲಗಳಲ್ಲಿ ಹತ್ತಿ ಒಡೆದಾಗ ಕಪ್ಪು ನೆಲ, ಬಿಳಿ ಅರಳು.

ಆ ಗಂಟು ಈಗ ಇಲ್ಲ. ಟೆರಿಕಾಟ್ ಪ್ಯಾಂಟು ಶರ್ಟು ಬಂದವು, ಧೋತರ ಮುದುಕರ ಮೈಮೇಲೆ ಉಳಿಯಿತು, ಅವರ ಜೊತೆಗೇ ಹೊರಟುಹೋಯಿತು. ಹೆಂಗಸರ ಸೀರೆ ಪಾಲಿಯೆಸ್ಟರ್ ಆಯಿತು, ಮೈತುಂಬ ಹೂವು ಬಳ್ಳಿಯ ಅಚ್ಚು. ಮನೆಯಲ್ಲಿ ನೈಟಿ. ಈ ಬಟ್ಟೆಗಳ ಮೇಲೆ ನನಗೆ ಸಿಟ್ಟಿಲ್ಲ, ಹೊಲದಲ್ಲಿ ದುಡಿಯುವವಳಿಗೆ ಬೇಗ ಒಣಗುವ ಹಗುರ ಸೀರೆ ದೊಡ್ಡ ಉಪಕಾರ. ಕೌದಿಯ ಪಾಲಿಗೆ ಮಾತ್ರ ಅವು ಕಷ್ಟದ ಬಟ್ಟೆಗಳು. ಹೂವಿನ ಅಚ್ಚಿನಲ್ಲಿ ತಿಳಿ ದಟ್ಟ ಎರಡೂ ಅಂಗುಲದೊಳಗೆ ಬೆರೆತಿರುತ್ತವೆ, ದೂರದಿಂದ ನೋಡಿದರೆ ಇಡೀ ತುಂಡು ನಡುಮಟ್ಟಕ್ಕೆ ಬಂದು ನಿಲ್ಲುತ್ತದೆ. ಎರಡು ಹೂವಿನ ತುಂಡು ಅಕ್ಕಪಕ್ಕ ಬಂದರೆ ನಡುವಿನ ಗೆರೆಯೇ ಕಾಣುವುದಿಲ್ಲ. ಹೊಸ ಗಂಟಿನಲ್ಲಿ ಬಣ್ಣ ಹಳೆಯದಕ್ಕಿಂತ ಹತ್ತು ಪಟ್ಟು ಇದೆ, ಮೆಟ್ಟಿಲು ಒಂದೇ.

ಯಲ್ಲಮ್ಮನ ಜಾತ್ರೆಯ ದಿನಗಳಲ್ಲಿ ಸವದತ್ತಿಯಲ್ಲಿ ಒಂದು ಹೊಸ ಕೌದಿ ನೋಡಿದೆ. ಹೊಲಿಗೆ ಅಚ್ಚುಕಟ್ಟು, ತುಂಡುಗಳ ಅಳತೆ ಒಂದು ನೂಲೂ ತಪ್ಪಿಲ್ಲ. ರಾಣಿ ಗುಲಾಬಿ, ಗಿಳಿ ಹಸಿರು, ಕಿತ್ತಳೆ, ಮಿಂಚುವ ನೀಲಿ, ಎಲ್ಲವೂ ಪಾಲಿಯೆಸ್ಟರಿನ ಹೊಳಪಿನಲ್ಲಿ. ಒಂದೊಂದನ್ನೇ ನೋಡಿದರೆ ಎಲ್ಲ ಬಣ್ಣವೂ ಚೆಂದ. ಒಟ್ಟಾಗಿ ನೋಡಿದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ, ಎಲ್ಲರೂ ಒಟ್ಟಿಗೇ ಕೂಗಿದ ಹಾಗೆ. ಸುತ್ತಲಿನ ಗುಡ್ಡದಲ್ಲಿ ನೋಡಿದರೆ ಬಣ್ಣದ ಹಬ್ಬವೇ ನಡೆದಿತ್ತು: ಹಸಿರು ಸೀರೆ, ಹಸಿರು ಬಳೆ, ಭಂಡಾರದ ಹಳದಿ, ಕುಂಕುಮ. ಅಲ್ಲಿ ಯಾವ ಬಣ್ಣವೂ ಇನ್ನೊಂದನ್ನು ನುಂಗುತ್ತಿರಲಿಲ್ಲ, ಯಾಕೆಂದರೆ ಭಂಡಾರ ತಿಳಿ, ಹಸಿರು ದಟ್ಟ, ನಡುವೆ ಗುಡ್ಡದ ಮಾಸಲು ಕಲ್ಲು. ಕೌದಿಯಲ್ಲಿ ಆ ಮಾಸಲು ಕಲ್ಲಿನ ಪಾತ್ರ ಮಾಡುವವರು ಯಾರೂ ಇರಲಿಲ್ಲ. ಹೊಲಿದವರ ಕೈ ದೊಡ್ಡದು, ಅದಕ್ಕೆ ತಕ್ಕ ಬಟ್ಟೆ ಸಿಕ್ಕಿರಲಿಲ್ಲ.

ಇದಕ್ಕೆ ಎದುರು ತುದಿಯ ಸೋಲನ್ನು ನಗರದ ಪ್ರದರ್ಶನಗಳಲ್ಲಿ ಕಾಣಬಹುದು. ಅಲ್ಲಿ ಕೌದಿಗೆಂದೇ ಹೊಸ ಬಟ್ಟೆ ಕೊಂಡು, ಒಂದಕ್ಕೊಂದು ಹೊಂದುವ ಬಣ್ಣಗಳನ್ನು ಆರಿಸುತ್ತಾರೆ: ಬೂದು, ತಿಳಿ ನೀಲಿ, ಮರಳಿನ ಬಣ್ಣ, ಮತ್ತೆ ಬೂದು. ಸೋಫಾದ ಮೇಲೆ ಹಾಕಿದರೆ ಯಾರ ಕಣ್ಣಿಗೂ ಕುಟುಕುವುದಿಲ್ಲ. ಹೀಗೆ ಹೊಂದಿಸಿದ ಕೌದಿಗೆ ಬೆಲೆ ಬರುತ್ತದೆ, ಹೊಲಿಯುವ ಹೆಣ್ಣುಮಕ್ಕಳಿಗೆ ಕೂಲಿ ಸಿಗುತ್ತದೆ, ಅದನ್ನು ಹಗುರ ಮಾಡಲಾರೆ. ಆದರೆ ಬಣ್ಣದ ತೀರ್ಮಾನ ಹೊಲಿಯುವವಳ ಕೈ ತಪ್ಪಿ, ಎಲ್ಲೋ ಕೂತು ಬಣ್ಣದ ಪಟ್ಟಿ ಕಳಿಸುವವರ ಕೈಗೆ ಹೋಗಿರುತ್ತದೆ. ಸಂಜೆಯ ಬೆಳಕಿನಲ್ಲಿ ನಿಂತು ಎತ್ತಿಡುವ ಕೆಲಸವೇ ಉಳಿದಿರುವುದಿಲ್ಲ. ಸವದತ್ತಿಯ ಕೌದಿ ಸೋತರೂ ಒಬ್ಬಳ ಕಣ್ಣು ಸೋತದ್ದು. ಇಲ್ಲಿ ಕಣ್ಣನ್ನೇ ಕೆಲಸದಿಂದ ತೆಗೆದಿದ್ದಾರೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಸವದತ್ತಿಯದನ್ನೇ ಮನೆಗೆ ತರುತ್ತೇನೆ.

ಹಾಗಂತ ಹೊಸ ಬಟ್ಟೆಯಿಂದ ಒಳ್ಳೆಯ ಕೌದಿ ಆಗುವುದೇ ಇಲ್ಲವೆಂದಲ್ಲ. ರಾಮದುರ್ಗ ನೇಕಾರರ ಊರು. ಮಗ್ಗದ ಮನೆಗಳಲ್ಲಿ ಕತ್ತರಿಸಿ ಉಳಿದ ಅಂಚು, ನೇಯ್ಗೆ ತಪ್ಪಿದ ತುಂಡು ಕೂಡಿಸಿ ಹೊಲಿದ ಕೌದಿಯೊಂದನ್ನು ಅಲ್ಲಿ ಕಂಡಿದ್ದೇನೆ. ಬಣ್ಣ ಮೂರೇ, ದಾಳಿಂಬೆ ಕೆಂಪು, ಹಸಿರು ಮತ್ತು ಬಣ್ಣ ಹಾಕದ ನೂಲಿನ ಹತ್ತಿ. ಬಣ್ಣ ಕಡಿಮೆಯಿದ್ದದ್ದೇ ಅದಕ್ಕೆ ವರವಾಗಿತ್ತು. ಹತ್ತಿಯ ಕೆನೆ ಬಣ್ಣ ಎಲ್ಲ ಕಡೆ ಹರಿದು ಮಿಕ್ಕೆರಡನ್ನು ಬೇರೆ ಬೇರೆ ನಿಲ್ಲಿಸಿತ್ತು. ಸಿಗುವ ಬಟ್ಟೆಯೇ ಬಣ್ಣವನ್ನು ಆರಿಸುವುದಕ್ಕೆ ಅಮೆರಿಕದ ಅಲಬಾಮಾದಲ್ಲೂ ಒಂದು ನಿದರ್ಶನವಿದೆ. ಅಲ್ಲಿನ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲೂ ಸುತ್ತಮುತ್ತಲೂ ಕಪ್ಪು ಜನಾಂಗದ ಹೆಣ್ಣುಮಕ್ಕಳು ದುಡಿಮೆಯ ಬಟ್ಟೆಯಿಂದ ಕೌದಿ ಹೊಲಿಯುತ್ತಿದ್ದರು. 1966ರಲ್ಲಿ ಅವರು ಕಟ್ಟಿಕೊಂಡ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘಕ್ಕೆ 1972ರಲ್ಲಿ ಸಿಯರ್ಸ್ ಕಂಪನಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆ ಹೊಲಿಯುವ ಕೆಲಸ ಕೊಟ್ಟಿತು. ಉಳಿದ ತುಂಡುಗಳು ಮನೆಗೆ ಬಂದವು, ಅಲ್ಲಿಂದ ಮುಂದೆ ಆ ಊರಿನ ಕೌದಿಗಳಿಗೆ ಕಾರ್ಡುರಾಯ್‌ನ ದಟ್ಟ ಹಸಿರು, ಬಂಗಾರ ಬಣ್ಣ, ಕೆಂಪು ಬಂದವು. 2002ರಲ್ಲಿ ಜೀಸ್ ಬೆಂಡಿನ ಕೌದಿಗಳನ್ನು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ತೂಗುಹಾಕಿದಾಗ ಜನ ಅವುಗಳನ್ನು ದೊಡ್ಡ ಚಿತ್ರಕಾರರ ಕೆಲಸದ ಜೊತೆ ಇಟ್ಟು ಮಾತಾಡಿದರು. ಮಲಪ್ರಭೆಯ ದಂಡೆಯ ಕೌದಿಗಳಿಗೂ ಅಂಥ ನೋಟ ಸಲ್ಲಬೇಕು.

ಕಿತ್ತೂರು ಎರೆನಾಡು ಮುಗಿದು ಮಲೆನಾಡು ಶುರುವಾಗುವ ಅಂಚು. ಅಲ್ಲಿಂದ ತೆಂಕಣಕ್ಕೂ ಪಡುವಣಕ್ಕೂ ಹೋದರೆ ಹಳಿಯಾಳ, ಖಾನಾಪುರದ ಕಾಡುಗಳಲ್ಲಿ ಸಿದ್ದಿಗಳ ಊರುಗಳು. ಅವರ ಕೌದಿಯೂ ಅಂಚಿನಿಂದಲೇ ಹೊರಟು ಸುತ್ತಿ ನಡುವಿಗೆ ಬರುತ್ತದೆ, ಆದರೆ ತುಂಡುಗಳನ್ನು ಮೊದಲೇ ಹರವಿ ತೀರ್ಮಾನಿಸುವುದಿಲ್ಲ. ಕೈಗೆ ಬಂದ ತುಂಡನ್ನು ನೋಡಿ, ಪಕ್ಕದ್ದನ್ನು ನೋಡಿ, ಆ ಚಣದಲ್ಲಿ ಕೂಡಿಸುತ್ತ ಹೋಗುತ್ತಾರೆ. ನಾಲ್ಕು ಮೂಲೆಗೆ ಮಡಚಿ ಮಡಚಿ ಇಟ್ಟ ಬಣ್ಣದ ಮುಕ್ಕೋನ, ಅವರು ಅದನ್ನು ಫುಲಾ, ಎಂದರೆ ಹೂವು ಅನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಈ ಕೆಲಸವನ್ನು ಹೊರಗಿನವರಿಗೆ ತೋರಿಸಿಕೊಟ್ಟವರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮುಖ್ಯರು. ಸಿದ್ದಿ ಕೌದಿಯಲ್ಲಿ ಬಿಳಿ ಕಡಿಮೆ ಇದ್ದರೂ ಅದು ಮಂಕಾಗುವುದಿಲ್ಲ, ನನ್ನ ಮಾತಿಗೆ ಅದು ಅಡ್ಡ ಬರುತ್ತದೆ ಎಂದು ಮೊದಲು ಅನ್ನಿಸಿತು. ಹತ್ತಿರ ಕೂತು ನೋಡಿದಾಗ ಕಂಡದ್ದು ಬೇರೆ. ಅಲ್ಲಿ ತುಂಡುಗಳ ಅಳತೆ ಒಂದೇ ಸಮ ಇರುವುದಿಲ್ಲ. ದೊಡ್ಡದೊಂದು ಸುಮ್ಮನಿರುವ ಬಣ್ಣದ ಪಕ್ಕ ಬೆರಳಷ್ಟು ಉರಿಯುವ ಕೆಂಪು. ಬಿಳಿ ಮಾಡುವ ಕೆಲಸವನ್ನು ಅಲ್ಲಿ ಅಳತೆ ಮಾಡುತ್ತದೆ. ಸವದತ್ತಿಯ ಕೌದಿಯಲ್ಲಿ ಎಲ್ಲ ಚೌಕವೂ ಸಮನಾಗಿದ್ದವು, ಆ ದಾರಿಯೂ ಮುಚ್ಚಿತ್ತು.

ದಾರದ ಬಣ್ಣವನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೌದಿಯ ಮೈಮೇಲೆ ಸಾವಿರಾರು ಹೊಲಿಗೆ ಬೀಳುತ್ತವೆ, ಅವು ತಾವೇ ಒಂದು ಬಣ್ಣ. ಕಪ್ಪಿನ ಮೇಲೆ ಬಿಳಿ ದಾರ ಓಡಿದರೆ ಕಪ್ಪು ಒಂದು ಮೆಟ್ಟಿಲು ತಿಳಿಯಾಗುತ್ತದೆ, ಬಿಳಿಯ ಮೇಲೆ ಕೆಂಪು ದಾರ ಓಡಿದರೆ ಬಿಳಿ ಬೆಚ್ಚಗಾಗುತ್ತದೆ. ಇಡೀ ಕೌದಿಗೆ ಒಂದೇ ಬಿಳಿ ದಾರ ಹಾಕಿದರೆ ಕಿತ್ತಾಡುವ ತುಂಡುಗಳನ್ನೂ ಅದು ಒಂದು ಮನೆಯವರನ್ನಾಗಿ ಮಾಡುತ್ತದೆ. ಧೋತರ ಸಿಗದವರಿಗೆ ಇದು ಇರುವುದರಲ್ಲಿ ಒಳ್ಳೆಯ ಉಪಾಯ. ಬಟ್ಟೆಯ ಬಣ್ಣಕ್ಕೇ ಹೊಂದುವ ದಾರ ಹುಡುಕಿ ಹೊಲಿಗೆಯನ್ನು ಅಡಗಿಸುವುದು ದರ್ಜಿಯ ಗುಣವಿರಬಹುದು, ಕೌದಿಗೆ ಅದು ಒಗ್ಗುವುದಿಲ್ಲ.

ಇನ್ನೊಂದು ಸಂಗತಿ ಅಂಗಡಿಯಲ್ಲಿ ನಿಂತಾಗ ತಿಳಿಯುವಂಥದ್ದಲ್ಲ, ಹತ್ತು ವರ್ಷ ಹೊದ್ದ ಮೇಲೆ ತಿಳಿಯುವಂಥದ್ದು. ಹತ್ತಿ ಮಾಸುತ್ತದೆ, ಪಾಲಿಯೆಸ್ಟರ್ ಅಷ್ಟು ಸುಲಭಕ್ಕೆ ಮಾಸುವುದಿಲ್ಲ. ಎರಡನ್ನೂ ಕೂಡಿಸಿ ಹೊಲಿದ ದಿನ ಬಣ್ಣ ಸರಿಯಾಗಿಯೇ ತೂಗುತ್ತದೆ. ವರ್ಷಗಳು ಕಳೆದಂತೆ ಹತ್ತಿಯ ತುಂಡುಗಳು ಒಟ್ಟಾಗಿ ಇಳಿಯುತ್ತವೆ, ಪಾಲಿಯೆಸ್ಟರಿನದು ಮಾತ್ರ ಹಾಗೇ ಉಳಿದು ಗಾಯದ ಕಲೆಯಂತೆ ಕಾಣುತ್ತದೆ. ಆಯಿಯ ಕೌದಿ ಇಂದಿಗೂ ಚೆಂದವಾಗಿರುವುದಕ್ಕೆ ಅದರ ತುಂಡುಗಳೆಲ್ಲ ಒಟ್ಟಿಗೆ ಮುಪ್ಪಾದದ್ದೂ ಕಾರಣ. ಹಳೆಯ ಹತ್ತಿಯ ಪಕ್ಕ ತೊಳೆಯದ ಹೊಸ ಹತ್ತಿ ಬಂದರೆ ಮೊದಲ ಒಗೆತದಲ್ಲೇ ಹೊಸದು ಕುಗ್ಗಿ ಹಳೆಯದನ್ನು ಎಳೆದು ಹರಿಯುತ್ತದೆ. ಹೊಸ ಕೆಂಪು ಇದ್ದರಂತೂ ಬಿಳಿಯ ಪಕ್ಕ ಇಡುವ ಮೊದಲು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ನೋಡಬೇಕು. ಬಣ್ಣ ಬಿಟ್ಟರೆ ಪಕ್ಕದ ಧೋತರವೆಲ್ಲ ನಸುಗೆಂಪಾಗಿ, ಕಷ್ಟಪಟ್ಟು ಉಳಿಸಿದ ಬಿಳಿಯೇ ಹೋಗುತ್ತದೆ. ನನ್ನ ಮೊದಲ ಕೌದಿಯಲ್ಲಿ ಹೀಗೇ ಆಯಿತು, ಆ ಕೌದಿಯನ್ನು ಈಗ ಹಾಸಲು ಮಾತ್ರ ಬಳಸುತ್ತೇವೆ.

ಹಾಗಾದರೆ ಇಂದು ಹೊಲಿಯುವವರು ಬಿಳಿಯನ್ನು ಎಲ್ಲಿಂದ ತರಬೇಕು? ಹಳೆಯ ಹತ್ತಿ ಚಾದರದಲ್ಲಿ ಇದೆ, ಹಿಟ್ಟು ಸಕ್ಕರೆಯ ಅರಿವೆಯ ಚೀಲದಲ್ಲಿ ಇದೆ, ಮಕ್ಕಳ ಶಾಲೆಯ ಬಿಳಿ ಅಂಗಿಯಲ್ಲಿ ಇದೆ. ಕಿತ್ತೂರಿನಿಂದ ಧಾರವಾಡದ ದಿಕ್ಕಿಗೆ ಹೋದರೆ ಗರಗ ಸಿಗುತ್ತದೆ, ರಾಷ್ಟ್ರಧ್ವಜಕ್ಕೆ ಖಾದಿ ನೇಯ್ದ ಊರು. ಅಂಥ ಕಡೆಯ ಖಾದಿಯನ್ನು ಎರಡು ಸಲ ಒಗೆದು ಮೆದುವಾಗಿಸಿ ಬಳಸಿದರೆ ಧೋತರಕ್ಕೆ ಬಹಳ ಹತ್ತಿರ ಬರುತ್ತದೆ. ನಾಲ್ಕು ಪಾಲಿನಲ್ಲಿ ಒಂದು ಪಾಲು ಬಿಳಿಗೆ, ಕೆನೆಗೆ, ಗೋದಿ ಬಣ್ಣಕ್ಕೆ ಮೀಸಲಿಡಿ ಎಂಬುದು ನಾನು ಹತ್ತಾರು ಕೌದಿ ನೋಡಿ ಮಾಡಿಕೊಂಡ ಲೆಕ್ಕ. ಹೂವಿನ ಅಚ್ಚಿನ ಸೀರೆ ಬಂದೇ ಬರುತ್ತದೆ, ಬರಲಿ. ಅದರ ಸುತ್ತ ಸಾದಾ ಬಟ್ಟೆ ಇರಲಿ, ಹೂವಿನ ಪಕ್ಕ ಹೂವು ಬೇಡ.

ಕೊನೆಗೆ ಒಂದು ಬಿನ್ನಹ. ಹಳೆಯ ಬಟ್ಟೆ ಒಯ್ದು ಸ್ಟೀಲಿನ ಬೋಗಾಣಿ ಕೊಡುವವರು ಈಗಲೂ ನಮ್ಮ ಓಣಿಗಳಿಗೆ ಬರುತ್ತಾರೆ. ಟ್ರಂಕಿನ ತಳದಲ್ಲಿ ಅಜ್ಜನದೋ ಮುತ್ಯಾನದೋ ಒಂದು ಧೋತರ ಮಡಚಿದಂತೆಯೇ ಉಳಿದಿದ್ದರೆ ಅದನ್ನು ಆ ಗಂಟಿಗೆ ಹಾಕಬೇಡಿ. ತೆಗೆದು, ಒಗೆದು, ಬಿಸಿಲಿಗೆ ಹಾಕಿ, ಬೇರೆ ಇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಮುಂದೊಂದು ದಿನ ಕೌದಿ ಹರವಿದಾಗ ಮೊದಲು ಬೇಕಾಗುವುದು ಅದೇ.